ಪುಟ್ಟಾ, ಆ ಪಿಕ್ಚರ್‌ಗೆ ಕತೆ ಇದೆ ಕಣೋ

ಪುಟ್ಟಾ, ಚಿಕ್ಕಪ್ಪ ಮಾತಾಡ್ತಿರೋದು. ಟೈಪ್ ಮಾಡೋಕೆ ಬೇಜಾರು, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗತ್ತೆ, ಬೈಕೋಬೇಡ. ‘ಟೋಕಿಯೊ ಡ್ರಿಫ್ಟರ್’ ಅನ್ನೋ ಜಪಾನಿ ಪಿಕ್ಚರ್ ನೋಡಿ "ಬರೀ ಬಣ್ಣ, ಕತೆನೇ ಇಲ್ಲ" ಅಂತ ಗ್ರೂಪಲ್ಲಿ ಹಾಕಿದೀಯಲ್ಲ, ಬಣ್ಣದ ಮಾತು ಸರಿ. ಇನ್ನೊಂದನ್ನ ನಾನು ಒಪ್ಪಲ್ಲ.

ಶುರುನೇ ನೋಡು, ಕಪ್ಪು ಬಿಳುಪಲ್ಲಿ. ಹೀರೋ ತೆತ್ಸು ಏಟು ತಿಂತಾನೇ ಇದಾನೆ, ತಿರುಗಿ ಕೈ ಎತ್ತಲ್ಲ. ಯಾಕೆ ಹೇಳು? ಬಾಸ್ ಕುರಾತ ದಂಧೆ ಬಿಟ್ಟಿದಾನೆ, ಹಾಗಾಗಿ ಇವನೂ ಬಿಟ್ಟ. ಅಂದ್ರೆ ರೌಡಿಸಂ ಬಿಟ್ಟಿದ್ದೂ ಬಾಸ್‌ಗೋಸ್ಕರನೇ! ಪಿಸ್ತೂಲು ಕೆಳಗಿಟ್ಟ, ಯಜಮಾನನನ್ನ ಮಾತ್ರ ಬಿಡಲಿಲ್ಲ. ಕತೆ ಇರೋದು ಅಲ್ಲೇ. ಬಾಸ್‌ಗೆ ತೊಂದರೆ ಆಗಬಾರದು ಅಂತ ಟೋಕಿಯೊ ಬಿಟ್ಟು ಉತ್ತರದ ಹಿಮಕ್ಕೆ ಹೋಗ್ತಾನೆ, ಆ ತಿಳಿ ನೀಲಿ ಸೂಟಲ್ಲೇ! ಚಳಿ ಆಗಲ್ವಾ ಅವನಿಗೆ? ಹಿಮದ ಮಧ್ಯೆ ರೈಲು ಹಳಿ ಮೇಲೆ ನಿಂತು ಗುರಿ ಇಡ್ತಾನಲ್ಲ, ರೈಲು ಬೇರೆ ಬರ್ತಾ ಇರತ್ತೆ, ಅದನ್ನ ನಾನು ಹಿಂದಕ್ಕೆ ಓಡಿಸಿ ಓಡಿಸಿ ನೋಡಿದೆ. ಇವನು ಆಮೇಲೆ ದಕ್ಷಿಣದ ಸಾಸೆಬೊ ಊರಿಗೆ ಹೋಗಿ ಅಲೀತಿದ್ರೆ, ಇತ್ತ ಕುರಾತ ಎದುರಾಳಿ ಒತ್ಸುಕಾ ಜತೆ ರಾಜಿ ಮಾಡ್ಕೊಂಡು ಇವನನ್ನೇ ಬಲಿ ಕೊಡೋಕೆ ಒಪ್ಕೋತಾನೆ.

ಸೀನಿಂದ ಸೀನಿಗೆ ಎಗರತ್ತೆ ಅಂತಾನೂ ನೀನು ಗ್ರೂಪಲ್ಲಿ ಹಾಕಿದ್ದೆ. ಅದು ಡೈರೆಕ್ಟರ್ ಸೆಯ್ಜುನ್ ಸುಜುಕಿ ಚಾಳಿನೇ. ನಿಕ್ಕತ್ಸು ಅನ್ನೋ ಸಿನಿಮಾ ಕಂಪನಿ ಕೈಗಿಟ್ಟ ಮಾಮೂಲಿ ಸ್ಕ್ರಿಪ್ಟ್‌ಗಳನ್ನ ಹೀಗೆ ತಿರುಚಿ ತಿರುಚಿ ಸುಮಾರು 40 ಪಿಕ್ಚರ್ ಮಾಡಿದ. ಇದು 1966ದು. 1968ರಲ್ಲಿ, ನಿನ್ನ ಪಿಕ್ಚರ್ ಅರ್ಥ ಆಗಲ್ಲ, ದುಡ್ಡೂ ಬರಲ್ಲ ಅಂತ ಕಂಪನಿ ಮನೆಗೆ ಕಳಿಸ್ತು. ಕೋರ್ಟಿಗೆ ಹೋದ ಮಹಾರಾಯ! 1971ರಲ್ಲಿ ರಾಜಿ ಆಯ್ತು. ಆದ್ರೂ ಮುಂದಿನ ಪಿಕ್ಚರ್ ತೆರೆಗೆ ಬರೋಕೆ 1977 ಆಗಬೇಕಾಯ್ತು, ಯಾವ ದೊಡ್ಡ ಕಂಪನಿನೂ ಹತ್ತಿರ ಸೇರಿಸ್ಲಿಲ್ಲ.

ಕೊನೇ ಫೈಟ್ ಇದೆಯಲ್ಲ, ಕ್ಲಬ್ ಪೂರ್ತಿ ಬೆಳ್ಳಗೆ, ಅಲ್ಲಿ ಬಣ್ಣನೇ ಕಿತ್ತುಹಾಕಿದಾನೆ ನೋಡು. ತೆತ್ಸು ಪಿಸ್ತೂಲು ಮೇಲಕ್ಕೆಸೆದು ಹಿಡಿಯೋದು ಸ್ವಲ್ಪ ಅತಿ, ಆದ್ರೂ ಮಜಾ ಬರತ್ತೆ. ಬಾಸ್ ಋಣ ಹರಿದಿದ್ದೂ ಅಲ್ಲೇ. ಆಮೇಲೆ ತನ್ನ ಪ್ರೇಯಸಿ ಚಿಹಾರುನೂ ಬಿಟ್ಟು ಹೊರಟುಬಿಡ್ತಾನೆ. ಅದಕ್ಕೆ ನಿಮ್ ಚಿಕ್ಕಮ್ಮ "ಆ ಹುಡುಗಿ ಇಷ್ಟು ದಿನ ಕಾದಿದ್ದು ಇದಕ್ಕಾ" ಅಂತ ಉರಿದುಬಿದ್ದಳು. ಅವಳು ಹೇಳಿದ್ದು ಸರಿನೇ. ಬಾಸ್‌ಗೋಸ್ಕರ ಪ್ರಾಣ ಕೊಡೋನಿಗೆ ಅವಳಿಗೋಸ್ಕರ ನಿಲ್ಲೋಕಾಗಲ್ವಾ?

ಇನ್ನೊಂದ್ಸಲ ನೋಡು, ಫೋನಲ್ಲಲ್ಲ, ಟಿವಿಲಿ. ಒಂದೂವರೆ ಗಂಟೆನೂ ಇಲ್ಲ. ಹಾಂ, ಮರೆತೆ, ಆ ಟೈಟಲ್ ಹಾಡು ಹೇಳಿರೋದು ಹೀರೋ ತೆತ್ಸುಯ ವತಾರಿನೇ. ಭಾನುವಾರ ಊಟಕ್ಕೆ ಬರ್ತೀಯಲ್ಲ, ಆಗ ಜಗಳ ಆಡೋಣ.