ಬಾಡಿಗೆ ಮನೆ: 200 ಯೂನಿಟ್ ದಾಟದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಎರಡು ಕೋಣೆಗಳ ಬಾಡಿಗೆ ಮನೆ. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇದೆ. ಆದರೆ ಊರಿನಿಂದ ಅತ್ತೆಯವರು ಬಂದ ಮೇಲೆ ಬಳಕೆ 200 ಯೂನಿಟ್‌ನ ಅಂಚಿಗೆ ಬಂದಿದೆ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸೋಲಾರ್ ಹಾಕಿಸಲು ಮಾಲೀಕರು ಒಪ್ಪುತ್ತಿಲ್ಲ. ವಯಸ್ಸಾದವರಿಗೆ ಬಿಸಿನೀರು, ಫ್ಯಾನ್ ಬೇಡವೆನ್ನಲು ನನಗೆ ಖಂಡಿತ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಗೀಸರ್‌ನಿಂದಲೇ, ಮೇಡಂ. 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್. ಬೆಳಗಿನಿಂದ ಹಾಕಿಯೇ ಇಡಬೇಡಿ. ಅತ್ತೆಯವರ ಸ್ನಾನ ಮೊದಲಾಗಲಿ, ಉಳಿದವರು ಬೆನ್ನಿಗೇ ಮುಗಿಸಲಿ. ಆಮೇಲೆ ಫ್ಯಾನ್. ಹಳೆಯದು ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್‌ಗೆ 30ರ ಆಸುಪಾಸು ಸಾಕು. ಫ್ಯಾನ್ ಹೆಚ್ಚು ಹೊತ್ತು ತಿರುಗುವ ಕೋಣೆಗೆ ಮೊದಲು ಹಾಕಿಸಿ. ಮಾಲೀಕರ ಫ್ಯಾನನ್ನು ಅಟ್ಟದಲ್ಲಿ ಜೋಪಾನವಾಗಿಡಿ. ಮನೆ ಬಿಡುವಾಗ ನಿಮ್ಮದನ್ನು ಬಿಚ್ಚಿಕೊಂಡು ಹೋಗಬಹುದು.

ಉತ್ತರ 2: 200 ಯೂನಿಟ್ ಎಲ್ಲರಿಗೂ ಉಚಿತವಲ್ಲ. ಬಿಲ್‌ನಲ್ಲಿ ನಿಮ್ಮ ಅರ್ಹ ಯೂನಿಟ್, ಅಂದರೆ ನಿಮ್ಮ ಮನೆಗೆ ಉಚಿತವಾಗಿ ಸಿಗುವ ಮಿತಿ, ಎಷ್ಟೆಂದು ನೋಡಿ. ಅದಕ್ಕಿಂತ ಹೆಚ್ಚು ಬಳಸಿದ್ದಕ್ಕೆ ಈಗಲೂ ಹಣ ಹೋಗುತ್ತಿರುತ್ತದೆ. ಮನೆ ಬದಲಿಸಿದರೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಹಳೆಯ ಮನೆಯ ಖಾತೆಯಿಂದ ಆಧಾರ್ ಬಿಡಿಸಿಕೊಂಡು ಹೊಸದಕ್ಕೆ ಜೋಡಿಸಬೇಕು. ಬಾಡಿಗೆದಾರರು ಇದನ್ನು ಮರೆಯಲೇಬಾರದು.

ಉತ್ತರ 3: ಫ್ರಿಜ್ ಗೋಡೆಗೆ ಅಂಟಿಕೊಂಡಿದ್ದರೆ ಸ್ವಲ್ಪ ಮುಂದಕ್ಕೆಳೆಯಿರಿ. ಶಾಖ ಹೊರಹೋಗದಿದ್ದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ.

ಪ್ರಶ್ನೆ ಕೇಳಿದವರು: ಬಿಲ್ ತೆಗೆದು ನೋಡಿದೆ, ಅರ್ಹ ಯೂನಿಟ್ 142 ಎಂದಿದೆ. ಎರಡನೆಯವರು ಹೇಳಿದ್ದು ನಿಜ, ತುಂಬಾ ಧನ್ಯವಾದ. ನಡುಮನೆಯ ಫ್ಯಾನ್ ಈ ವಾರವೇ ಬದಲಿಸುತ್ತೇವೆ.