ಅಪ್‌ಡೇಟ್: ಎಲೆ ಅಲ್ಲಾಡಿದರೂ ಬೆಚ್ಚುವ ನನ್ನ ಎಳೆ ಕುದುರೆ

ಮೂರು ತಿಂಗಳ ಹಿಂದೆ ಕೇಳಿದ್ದೆ: ಎರಡೂವರೆ ವರ್ಷದ ನನ್ನ ಹೆಣ್ಣು ಕುದುರೆ ಎಲ್ಲಕ್ಕೂ ಬೆಚ್ಚುತ್ತಾಳೆ, ಬೆನ್ನ ಮೇಲೆ ಬಟ್ಟೆ ಇಟ್ಟರೆ ಹಗ್ಗ ಕಿತ್ತುಕೊಂಡು ಓಡುತ್ತಾಳೆ, ಏನು ಮಾಡಲಿ ಅಂತ. "ದಿನಕ್ಕೆ ಹತ್ತು ನಿಮಿಷ ಸಾಕು" ಎಂದಿದ್ದಿರಿ. ನಿಜ ಹೇಳಬೇಕೆಂದರೆ ಆಗ ನಂಬಿರಲಿಲ್ಲ. ಹತ್ತು ನಿಮಿಷದಲ್ಲಿ ಏನಾಗುತ್ತೆ ಅಲ್ವಾ?

ಆಯ್ತು! ತಪ್ಪು ನನ್ನದೇ. ಅವಳು ಹಾರಾಡಿದಾಗಲೇ ನಾನು ಬಟ್ಟೆ ತೆಗೆಯುತ್ತಿದ್ದೆ. ಅಂದರೆ ಹಾರಾಡಿದರೆ ಬಟ್ಟೆ ಹೋಗುತ್ತೆ ಎಂದು ನಾನೇ ಕಲಿಸಿದ್ದೆ. ಈಗ ಉಲ್ಟಾ. ಅವಳು ತಡೆದುಕೊಳ್ಳುವಷ್ಟು ದೂರದಲ್ಲಿ ಬಟ್ಟೆ ಹಿಡಿದು ಸುಮ್ನೆ ನಿಲ್ಲುತ್ತೇನೆ. ತಲೆ ತಗ್ಗಿಸಿ ಉದ್ದನೆ ಉಸಿರು ಬಿಟ್ಟ ತಕ್ಷಣ ಹಿಂದೆ ಸರಿಯುತ್ತೇನೆ. ಮೊದಲ ವಾರ ಭುಜದ ಹತ್ತಿರವೂ ಹೋಗಲಾಗಲಿಲ್ಲ. ಐದನೇ ವಾರ ಬಟ್ಟೆ ಬೆನ್ನ ಮೇಲಿತ್ತು, ಅವಳು ಹುಲ್ಲು ಮೇಯುತ್ತಿದ್ದಳು.

ಎಡಗಡೆಯಿಂದ ಮಾತ್ರ. ಬಲಗಡೆಯಿಂದ ಹೋದರೆ ಮತ್ತೆ ಹೊಸ ಕುದುರೆಯೇ! ಪ್ರತಿಯೊಂದನ್ನೂ ಎರಡೂ ಬದಿಯಿಂದ ಕಲಿಸಬೇಕು ಎಂದು ಎಚ್ಚರಿಸಿದವರಿಗೆ ಜಾಸ್ತಿ ಥ್ಯಾಂಕ್ಸ್.

ನೀರಿನ ಗುಂಡಿ ದಾಟಿಸಿದ್ದು ನಾನಲ್ಲ, ಪಕ್ಕದ ಲಾಯದ ಮುದಿ ಕುದುರೆ. ಅದು ಗುಂಡಿಯಲ್ಲಿ ನಡೆಯಿತು, ಇವಳು ಹಿಂದೆಯೇ ಹೋದಳು.

ಕಳೆದ ವಾರ ಗಾಳಿಗೆ ಟಾರ್ಪಾಲ್ ಪಟಪಟ ಎಂದಾಗ ಮತ್ತೆ ಬೆಚ್ಚಿದಳು. ಆದರೆ ಓಡಲಿಲ್ಲ. ತಿರುಗಿ ನನ್ನನ್ನು ನೋಡಿದಳು. ನನಗೆ ಅಷ್ಟೇ ಸಾಕಾಯಿತು.

ಸವಾರಿ ಯಾವಾಗ ಎಂದು ಕೇಳಿದವರಿಗೆ: ಈ ವರ್ಷ ಇಲ್ಲ. ಮೂಳೆ ಇನ್ನೂ ಬೆಳೆಯುತ್ತಿದೆ. ಹಾಲುಹಲ್ಲು ಬೀಳುತ್ತಿವೆ, ಹಾಗಾಗಿ ಬಾಯಿಗೆ ಕಡಿವಾಣವೂ ಸದ್ಯಕ್ಕೆ ಬೇಡ.