ಪದಚರ್ಚೆ: ‘ಮುಕ್ತ ಸಕ್ಕರೆ’ಗೆ ಬೇರೆ ಪದ ಬೇಕು (ತುರ್ತು)

ಕೊಪ್ಪಳದಿಂದ:
ಎಲ್ಲರಿಗೂ ನಮಸ್ಕಾರ. ಬೊಜ್ಜು, ಸಕ್ಕರೆ ಕಾಯಿಲೆ ಬಗ್ಗೆ ಅಂಗನವಾಡಿ ಗೋಡೆಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ನಾಳೆ ಪೇಂಟರ್ ಬರುತ್ತಾನೆ. ‘ಫ್ರೀ ಶುಗರ್ಸ್’ ಎಂಬಲ್ಲಿ ಕೈ ಕಟ್ಟಿದೆ. ದಿನದ ಒಟ್ಟು ಶಕ್ತಿಯಲ್ಲಿ ಇದರ ಪಾಲು ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಶೇ. 10 ಅಂದರೆ 50 ಗ್ರಾಂ, ಸುಮಾರು 12 ಟೀ ಚಮಚ.

ಲೆಕ್ಕ ಸುಲಭ, ಹೆಸರು ಕಷ್ಟ. ನಾವೋ ಕಾರ್ಖಾನೆಯವರೋ ಹಾಕಿದ ಸಕ್ಕರೆಯಷ್ಟೇ ಅಲ್ಲ, ಜೇನುತುಪ್ಪದಲ್ಲಿ, ಹಣ್ಣಿನ ರಸದಲ್ಲಿ ತಾನಾಗಿ ಇರುವುದೂ ಇದರ ಲೆಕ್ಕಕ್ಕೇ ಬರುತ್ತದೆ. ಇಡೀ ಹಣ್ಣಿನದು, ಹಾಲಿನದು ಬರುವುದಿಲ್ಲ. ಹಾಗಾಗಿ ‘ಬೆರೆಸಿದ ಸಕ್ಕರೆ’ ಸಾಲದು. ನನಗೆ ಬಂದ ಕರಡಿನಲ್ಲಿ ‘ಮುಕ್ತ ಸಕ್ಕರೆ’ ಎಂದಿತ್ತು. ಅಂಗನವಾಡಿ ಅಕ್ಕನಿಗೆ ತೋರಿಸಿದರೆ, “ಶುಗರ್ ಇದ್ದೋರು ತಿಂತಾರಲ್ರಿ, ಅದೇನ್ರಿ? ಅದನ್ಯಾಕ ಕಡಿಮಿ ಮಾಡ್ಬೇಕು?” ಅಂದರು. ‘ಪೋಲಿಯೊ ಮುಕ್ತ’ ಓದಿ ಪಳಗಿದ ಕಣ್ಣು, ‘ಸಕ್ಕರೆ ಇಲ್ಲದ್ದು’ ಎಂದು ಓದಿಕೊಂಡಿತು. ಅರ್ಥ ಪೂರಾ ತಿರುಗುಮುರುಗು.

ರಾಯಚೂರಿನಿಂದ:
ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಕೂಡಿಸಿದ್ದು. ವ್ಯಾಕರಣಕಾರ ಕೇಶಿರಾಜನನ್ನು ಓದಿದವರು ಹಾಗೆ ಬರೆಯುವುದಿಲ್ಲ. ‘ಬಿಡಿ ಸಕ್ಕರೆ’ ಎನ್ನಿ. ಮುಗಿಯಿತು.

ಕೊಪ್ಪಳದಿಂದ:
ಮುಗಿಯಲಿಲ್ಲ ಸರ್. ಕಿರಾಣಿ ಅಂಗಡಿಯಲ್ಲಿ ‘ಬಿಡಿ’ ಅಂದರೆ ಚೀಲದಿಂದ ತೂಗಿ ಕೊಡುವುದು. “ಹಂಗಾರ ಪ್ಯಾಕೆಟ್ ಸಕ್ರಿ ನಡೀತದೇನ್ರಿ?” ಎಂದು ಅದೇ ಅಕ್ಕ ಕೇಳಿದರು.

ಬಳ್ಳಾರಿಯಿಂದ:
‘ಸಕ್ಕರೆ’ಯೇ ‘ಶರ್ಕರಾ’ದ ತದ್ಭವ. ಶರ್ಕರಾ ಅಂದರೆ ಹರಳು, ಮರಳು ಕೂಡ. ಅದೇ ಪದ ಪಾರಸಿ, ಅರಬಿ ದಾಟಿ ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು. ತಿರುಗಿ ಮನೆಗೆ ಬಂದರೆ ಬಾಗಿಲು ಹಾಕುವುದೇಕೆ? ‘ಫ್ರೀ ಶುಗರ್’ ಎಂದೇ ಬರೆಯಿರಿ.

ರಾಯಚೂರಿನಿಂದ:
ಫ್ರೀ ಬಸ್ಸು ಓಡುವ ಕಾಲದಲ್ಲಿ ಗೋಡೆಯ ಮೇಲೆ ‘ಫ್ರೀ ಶುಗರ್’? ಎರವಲು ತಂದು ತಂದೇ ಕನ್ನಡ ಸೊರಗಿದೆ.

ಬಳ್ಳಾರಿಯಿಂದ:
ಸೊರಗಿಲ್ಲ, ಬೆಳೆದಿದೆ. ನಿಜಾಮರ ಆಳ್ವಿಕೆ ಕಂಡ ನಿಮ್ಮೂರಲ್ಲಿ ಜಮೀನು, ದಫ್ತರ, ತಹಶೀಲ್ದಾರ ಬಿಟ್ಟು ಒಂದು ದಿನ ಮಾತಾಡಿ ನೋಡೋಣ.

ಕೊಪ್ಪಳದಿಂದ:
ದಯವಿಟ್ಟು ಆ ಜಗಳ ಆಮೇಲಿರಲಿ. ಬ್ರಿಟನ್ನಿನವರೂ ಈ ಹೆಸರಿಗಾಗಿ ತಿಣುಕಿದವರೇ. 1989ರಲ್ಲಿ ಅವರ ತಜ್ಞರ ಸಮಿತಿ ‘ಹಾಲಿನದಲ್ಲದ ಹೊರಗಿನ ಸಕ್ಕರೆ’ ಎಂಬರ್ಥದ ಉದ್ದನೆಯ ಹೆಸರಿಟ್ಟಿತ್ತು. 2015ರಲ್ಲಿ ಅದನ್ನು ಕೈಬಿಟ್ಟು ‘ಫ್ರೀ ಶುಗರ್ಸ್’ಗೆ ಬಂದರು. ಆ ಹಳೆಯ ಹೆಸರಿನ ‘ಹೊರಗಿನ’ ಎಂಬುದು ನನಗೆ ಹಿಡಿಸಿತು. ಹಣ್ಣಿನ ಜೀವಕೋಶದ ಗೋಡೆಯೊಳಗೆ ಇರುವಷ್ಟು ಹೊತ್ತು ಅದು ಒಳಸಕ್ಕರೆ, ಹಿಂಡಿದರೆ ಹೊರಸಕ್ಕರೆ. ಇವತ್ತು ಒಂದು ಕುಷ್ಟಗಿ ದಾಳಿಂಬೆ ಒಯ್ದು, ಅರ್ಧ ಬಿಡಿಸಿ ತಟ್ಟೆಗೆ ಹಾಕಿದೆ, ಅರ್ಧ ಬಟ್ಟೆಯಲ್ಲಿ ಹಿಂಡಿ ಲೋಟಕ್ಕೆ ಇಳಿಸಿದೆ. ಅಕ್ಕ ಲೋಟ ತೋರಿಸಿ, “ಇದು ಹೊರಗ ಬಂತಲ್ರಿ” ಅಂದರು. ನಾನಿನ್ನೂ ವಿವರಿಸಿರಲೇ ಇಲ್ಲ.

ಗೋಡೆಗೆ ಹೀಗೆ ಬರೆಸುತ್ತೇನೆ: ‘ಹೊರಸಕ್ಕರೆ: ಚಹಾಕ್ಕೆ ಹಾಕಿದ್ದು, ಬೆಲ್ಲ, ಜೇನು, ಬಾಟಲಿ ಪಾನೀಯ, ಹಿಂಡಿದ ರಸ. ಎಲ್ಲಾ ಸೇರಿ ದೊಡ್ಡವರಿಗೆ ದಿನಕ್ಕೆ 12 ಟೀ ಚಮಚದೊಳಗೆ. 6ರೊಳಗೆ ಇದ್ದರೆ ಇನ್ನೂ ಒಳ್ಳೆಯದು.’ ಬೆಲ್ಲವನ್ನು ಬೇಕೆಂದೇ ಸೇರಿಸಿದ್ದೇನೆ. ಬೆಲ್ಲ ಎಷ್ಟು ತಿಂದರೂ ನಡೆಯುತ್ತದೆ ಎಂದು ನಮ್ಮ ಮನೆಯಲ್ಲೇ ನಂಬಿದ್ದರು.

‘ಹೊರಸಕ್ಕರೆ’ ಕೂಡಿಸಿ ಬರೆಯುವುದೋ, ಬಿಡಿಸಿಯೋ? ಪೇಂಟರ್ ಬರುವುದು ನಾಲ್ಕಕ್ಕೆ.

ರಾಯಚೂರಿನಿಂದ:
ಕೂಡಿಸಿ. ಸಮಾಸಪದ.